ಕೃಷ್ಣಾತೀರದಿಂದ ಕಡಲಾಚೆಗೆ: ಸಂಸಾರದ ರಹದಾರಿ

ಕೃಷ್ಣೆ ಮತ್ತು ಘಟಪ್ರಭೆಗಳು ಚಿಕ್ಕಸಂಗಮದಲ್ಲಿ ಒಂದಾಗುವುದಕ್ಕೆ ಮುನ್ನ ತಮ್ಮ ನಡುವೆ ಒಂದು ಕರಿಮಣ್ಣಿನ ಸೀಮೆಯನ್ನು ಕಟ್ಟಿಕೊಂಡು ಹರಿಯುತ್ತವೆ. ಜಮಖಂಡಿ, ಮುಧೋಳ, ಬೀಳಗಿ ಹಾಗೂ ರಬಕವಿ-ಬನಹಟ್ಟಿಗಳು ಈ ಸೀಮೆಯ ಊರುಗಳು. ಹತ್ತನೆಯ ಶತಮಾನದ ಮಹಾಕವಿ ರನ್ನನಿಗೆ ಜನ್ಮವಿತ್ತ ನೆಲವಿದು. ಮುಂದೆ ಭಾರತದ ಉಪರಾಷ್ಟ್ರಪತಿಗಳಾದ ಬಿ.ಡಿ. ಜತ್ತಿಯವರು 1912ರಲ್ಲಿ ಹುಟ್ಟಿದ್ದು ಜಮಖಂಡಿ ತಾಲ್ಲೂಕಿನ ಸಾವಳಗಿಯಲ್ಲಿ. ಒಂದು ಕಡೆ ಕಬ್ಬಿನ ಹೊಲ, ಗಾಣದ ಬೆಲ್ಲ, ಸಕ್ಕರೆ ಕಾರ್ಖಾನೆ. ಇನ್ನೊಂದು ಕಡೆ ಹಗಲಿರುಳೂ ನಿಲ್ಲದ ಮಗ್ಗದ ಸದ್ದು. ಇವುಗಳ ಜೊತೆಗೆ ಈಗೀಗ ಈ ಊರುಗಳ ಮನೆಮನೆಯಲ್ಲಿ ಮತ್ತೊಂದು ಮಾತು ಕಿವಿಗೆ ಬೀಳುತ್ತದೆ. ಮಗನಿಗೆ ಅಮೆರಿಕೆಯಲ್ಲಿಯೋ ಇಂಗ್ಲೆಂಡಿನಲ್ಲಿಯೋ ದುಬೈಯಲ್ಲಿಯೋ ಕೆಲಸ ದೊರೆತಿದೆ. ಅವನು ಹೋಗಿ ತಿಂಗಳುಗಳಾದವು. ‘ಸೊಸೆಯ ವೀಸಾ ಬಂತೇ?’ ಎಂಬುದು ಆ ಮಾತು.

ಈ ಪ್ರಶ್ನೆಯನ್ನು ಮನಸ್ಸಿನಲ್ಲಿರಿಸಿಕೊಂಡು ನಾಲ್ಕೂ ಊರುಗಳನ್ನು ಒಮ್ಮೆ ಸುತ್ತಿಬಂದರೆ ಹಲವು ಸಂಗತಿಗಳು ತಿಳಿಯುತ್ತವೆ. ಇಂದು ಒಂದೇ ಜಿಲ್ಲೆಯಲ್ಲಿರುವ ಈ ಊರುಗಳು 1948ರವರೆಗೆ ನಾಲ್ಕು ಬೇರೆ ಬೇರೆ ಆಳ್ವಿಕೆಗಳಿಗೆ ಸೇರಿದ್ದವು ಎಂಬುದನ್ನು ನಮ್ಮ ಕಿರಿಯರು ಬಹುಮಟ್ಟಿಗೆ ಮರೆತಿದ್ದಾರೆ. ಜಮಖಂಡಿ ಮತ್ತು ಬನಹಟ್ಟಿ ಜಮಖಂಡಿಯ ಪಟವರ್ಧನರ ಸಂಸ್ಥಾನಕ್ಕೆ ಸೇರಿದ್ದರೆ, ಬನಹಟ್ಟಿಯ ಮಗ್ಗುಲಲ್ಲೇ ಇರುವ ರಬಕವಿ ಸಾಂಗಲಿ ಸಂಸ್ಥಾನದ್ದು. ಮುಧೋಳ ಘೋರ್ಪಡೆಯವರ ರಾಜಧಾನಿ. ಬೀಳಗಿಯಾದರೋ ಬ್ರಿಟಿಷರ ವಿಜಾಪುರ ಜಿಲ್ಲೆಯ ಊರು. ರಬಕವಿಯ ಹೆಣ್ಣನ್ನು ಬನಹಟ್ಟಿಗೆ ಕೊಟ್ಟರೆ ಆಕೆ ಒಂದು ರಾಜ್ಯದಿಂದ ಇನ್ನೊಂದು ರಾಜ್ಯಕ್ಕೆ ಸೊಸೆಯಾಗಿ ಹೋದಂತೆ. ಹಾಗಿದ್ದರೂ ನೀನು ಯಾರ ಹೆಂಡತಿ, ನಿನ್ನ ಮದುವೆಗೆ ಪ್ರಮಾಣವೇನು ಎಂದು ಸೀಮೆಯ ಕಲ್ಲಿನ ಬಳಿ ನಿಂತು ಕೇಳುವವರಿರಲಿಲ್ಲ. ದಿಬ್ಬಣದ ಬಂಡಿಯೇ ಆಕೆಯ ರಹದಾರಿಯಾಗಿತ್ತು.

ಇಂದಿನ ರಹದಾರಿ ಬೇರೆ ಬಗೆಯದು. ‘ಡಿಪೆಂಡೆಂಟ್ ವೀಸಾ’ ಎಂದು ಎಲ್ಲರೂ ಕರೆಯುವ ಇದನ್ನು ಕನ್ನಡದಲ್ಲಿ ಅವಲಂಬಿತರ ವೀಸಾ ಎನ್ನಬಹುದು. ದುಡಿಯಲು ಹೋದವನ ಆಸರೆಯಲ್ಲಿ ಬದುಕುವವರಿಗೆ ಆ ದೇಶ ಕೊಡುವ ಅನುಮತಿ ಇದು. ಆಸರೆಯಲ್ಲಿರುವವರು ಯಾರು ಎಂಬುದನ್ನು ಮಾತ್ರ ಮನೆಯವರಲ್ಲ, ಆ ದೇಶದ ಕಾನೂನು ತೀರ್ಮಾನಿಸುತ್ತದೆ. ಅಮೆರಿಕೆಯಲ್ಲಿ ಎಚ್-1ಬಿ ವೀಸಾದ ಮೇಲೆ ದುಡಿಯುವವನಿಗೆ ಎಚ್-4 ಎಂಬ ವೀಸಾದಡಿ ಬರಬಹುದಾದವರು ಇಬ್ಬಗೆಯವರು: ಪತ್ನಿ ಅಥವಾ ಪತಿ, ಮತ್ತು 21 ವರ್ಷ ತುಂಬದ ಅವಿವಾಹಿತ ಮಕ್ಕಳು. ಇಂಗ್ಲೆಂಡಿನ ಕುಶಲ ನೌಕರರ ವೀಸಾದಲ್ಲಿಯೂ ಸಂಗಾತಿ ಮತ್ತು ಸಾಮಾನ್ಯವಾಗಿ 18 ವರ್ಷದೊಳಗಿನ ಮಕ್ಕಳಿಗಷ್ಟೇ ಎಡೆಯುಂಟು. ತಾಯಿ, ತಂದೆ, ವಿಧವೆಯಾಗಿ ತವರಿಗೆ ಮರಳಿದ ಅಕ್ಕ, ಓದುತ್ತಿರುವ ತಮ್ಮ – ಇವರಾರೂ ಆ ಲೆಕ್ಕದಲ್ಲಿಲ್ಲ.

ಈ ಲೆಕ್ಕ ನಮ್ಮ ಸೀಮೆಯ ಬದುಕಿಗೆ ಎಷ್ಟು ಹೊಂದುತ್ತದೆ ಎಂಬುದನ್ನು ತಿಳಿಯಲು ಮೊದಲು ಬನಹಟ್ಟಿಯ ಓಣಿಗಳಿಗೆ ಹೋಗಬೇಕು. ನೇಕಾರರ ಮನೆಯಲ್ಲಿ ಮಗ್ಗದ ಮುಂದೆ ಕುಳಿತವನು ಒಬ್ಬನೇ ಆದರೂ ಸೀರೆಯನ್ನು ನೇಯುವವನು ಅವನೊಬ್ಬನೇ ಅಲ್ಲ. ಹೆಂಡತಿ ಕಂಡಿಕೆ ಸುತ್ತಿಕೊಡಬೇಕು, ಮುದುಕಿ ನೂಲಿನ ಸಿಕ್ಕು ಬಿಡಿಸಬೇಕು, ಎಳೆ ಹರಿದರೆ ಜೋಡಿಸಲು ಮಕ್ಕಳ ಕಣ್ಣು ಬೇಕು. ಕೈಮಗ್ಗ ಹೋಗಿ ವಿದ್ಯುತ್ ಮಗ್ಗ ಬಂದಮೇಲೂ ಈ ಪದ್ಧತಿ ಪೂರ್ತಿಯಾಗಿ ಅಳಿದಿಲ್ಲ. ಇಂತಹ ಮನೆಯಲ್ಲಿ ಯಾರು ಯಾರ ಅವಲಂಬಿ ಎಂದು ಕೇಳಿದರೆ ಉತ್ತರ ಹೇಳುವುದು ಕಷ್ಟ. ಎಲ್ಲರೂ ಎಲ್ಲರ ಆಸರೆ.

ಇಂತಹ ಮನೆಯ ಹೆಣ್ಣುಮಗಳು ಇಂಜಿನಿಯರಿಂಗ್ ಓದಿ, ಬೆಂಗಳೂರಿನಲ್ಲಿ ಕೆಲಸಕ್ಕಿದ್ದು, ಮದುವೆಯಾಗಿ ಅಮೆರಿಕೆಗೆ ಹೋದಳೆನ್ನಿ. ವಿಮಾನ ಇಳಿದೊಡನೆ ಆಕೆ ಕಾನೂನಿನ ಕಣ್ಣಿನಲ್ಲಿ ಅವಲಂಬಿತೆಯಾಗುತ್ತಾಳೆ. ಎಚ್-4ನಲ್ಲಿ ಓದಬಹುದು, ಆದರೆ ಸಂಬಳಕ್ಕೆ ದುಡಿಯುವಂತಿಲ್ಲ. ಅಲ್ಲಿನ ಸರ್ಕಾರ 2015ರ ಮೇ 26ರಿಂದ ಈ ನಿಯಮವನ್ನು ಕೆಲಮಟ್ಟಿಗೆ ಸಡಿಲಿಸಿತು. ಗಂಡನ ಕಾಯಂ ವಾಸದ ಅರ್ಜಿ ಒಂದು ಹಂತ ದಾಟಿದ್ದರೆ, ಅಂದರೆ ಐ-140 ಎಂಬ ಮನವಿ ಮಂಜೂರಾಗಿದ್ದರೆ, ಅಥವಾ ಆ ಪ್ರಕ್ರಿಯೆಯ ಕಾರಣದಿಂದ ಅವನಿಗೆ ಆರು ವರ್ಷಗಳ ಮಿತಿ ಮೀರಿ ಇರಲು ಅನುಮತಿ ದೊರೆತಿದ್ದರೆ, ಹೆಂಡತಿ ಉದ್ಯೋಗದ ಪರವಾನಗಿಗೆ ಅರ್ಜಿ ಹಾಕಬಹುದು. ಮೊದಲ ವರ್ಷದಲ್ಲಿಯೇ ಸುಮಾರು 1,79,600 ಮಂದಿ ಇದಕ್ಕೆ ಅರ್ಹರಾಗಬಹುದೆಂದು ಆ ಸರ್ಕಾರವೇ ಅಂದಾಜು ಮಾಡಿತ್ತು. ಈ ನಿಯಮದ ವಿರುದ್ಧ ಹೂಡಿದ ದಾವೆ ವರ್ಷಗಟ್ಟಲೆ ನಡೆದು, 2024ರ ಆಗಸ್ಟ್‌ನಲ್ಲಿ ವಾಷಿಂಗ್ಟನ್ನಿನ ಮೇಲ್ಮನವಿ ನ್ಯಾಯಾಲಯ ನಿಯಮವನ್ನೇ ಎತ್ತಿಹಿಡಿಯಿತು. ಆದರೆ ಹೊಸದಾಗಿ ಹೋದವನ ಅರ್ಜಿ ಆ ಹಂತಕ್ಕೆ ಬರಲು ವರ್ಷಗಳೇ ಬೇಕು. ಅಲ್ಲಿಯವರೆಗೆ ಹೆಂಡತಿಯ ಕೈ ಕಟ್ಟಿದಂತೆಯೇ. ಅದೇ ಕಂಪನಿಯ ಒಳಗಿನ ವರ್ಗಾವಣೆಯಲ್ಲಿ ಎಲ್-1 ವೀಸಾದ ಮೇಲೆ ಹೋದವನ ಪತ್ನಿಗಾದರೆ ಈ ತೊಡಕಿಲ್ಲ. ಎಲ್-2 ಪಡೆದ ಸಂಗಾತಿಯ ಸ್ಥಾನಮಾನವೇ ದುಡಿಯುವ ಹಕ್ಕನ್ನು ಒಳಗೊಂಡಿದೆ ಎಂದು 2021ರ ನವೆಂಬರ್‌ನಲ್ಲಿ ಅಲ್ಲಿನ ಇಲಾಖೆ ಒಪ್ಪಿಕೊಂಡಿತು. ಒಂದೇ ಊರಿನ ಇಬ್ಬರು ಗೆಳತಿಯರು ಒಂದೇ ನಗರಕ್ಕೆ ಸೊಸೆಯಂದಿರಾಗಿ ಹೋದರೂ, ಗಂಡಂದಿರ ವೀಸಾದ ಒಂದು ಅಕ್ಷರದ ವ್ಯತ್ಯಾಸದಿಂದ ಒಬ್ಬಳು ದುಡಿಯುತ್ತಾಳೆ, ಮತ್ತೊಬ್ಬಳು ಕಿಟಕಿಯ ಬಳಿ ಕುಳಿತಿರುತ್ತಾಳೆ.

ಕಾಯಕವನ್ನು ಬದುಕಿನ ಮೂಲವೆಂದು ತಿಳಿದ ಪರಂಪರೆಯಲ್ಲಿ ಬೆಳೆದವರಿಗೆ ಇದು ಸಣ್ಣ ಸಂಗತಿಯಲ್ಲ. ಉಣ್ಣಲು ಉಡಲು ಕೊರತೆಯಿಲ್ಲದಿದ್ದರೂ, ಮಾಡಲು ಕಾಯಕವಿಲ್ಲದೆ ಪರದೇಶದ ಮನೆಯೊಳಗೆ ದಿನ ನೂಕುವ ಹೆಣ್ಣುಮಗಳ ದುಃಖ ದೂರವಾಣಿಯಲ್ಲಿ ಕೇಳುವ ತವರಿಗೆ ಸುಲಭವಾಗಿ ತಿಳಿಯುವುದಿಲ್ಲ. ಮಕ್ಕಳ ವಿಷಯದಲ್ಲಿಯೂ ಎಚ್ಚರ ಬೇಕು. ಕೈಗೂಸಾಗಿ ಹೋದ ಮಗು ಅಲ್ಲಿಯೇ ಬೆಳೆದು 21ನೆಯ ವಯಸ್ಸಿಗೆ ಬಂದಾಗ ತಂದೆಯ ಆಸರೆಯ ಎಚ್-4 ಮುಗಿಯುತ್ತದೆ. ಉದ್ಯೋಗದ ಆಧಾರದ ಕಾಯಂ ವಾಸದಲ್ಲಿ ಯಾವುದೇ ಒಂದು ದೇಶದವರಿಗೆ ವರ್ಷಕ್ಕೆ ಶೇಕಡಾ 7ರ ಮಿತಿಯಿರುವುದರಿಂದ ಭಾರತೀಯರ ಸರದಿಯ ಸಾಲು ಬಹಳ ಉದ್ದವಾಗಿದೆ. ಸಾಲಿನಲ್ಲಿ ನಿಂತ ತಂದೆಯ ಸರದಿ ಬರುವ ಮೊದಲೇ ಮಗ ಬೆಳೆದುಬಿಟ್ಟಿರುವ ಸಂಸಾರಗಳು ಅಲ್ಲಿ ಅನೇಕವಾಗಿವೆ.

ಇತರ ದೇಶಗಳ ಬಾಗಿಲುಗಳೂ ಕಾಲಕಾಲಕ್ಕೆ ಅಗಲವಾಗುತ್ತವೆ, ಕಿರಿದಾಗುತ್ತವೆ. ಇಂಗ್ಲೆಂಡಿನಲ್ಲಿ ವೃದ್ಧರ ಆರೈಕೆಯ ಕೆಲಸಕ್ಕೆ ಹೋಗುವವರು 2024ರ ಮಾರ್ಚ್ 11ರಿಂದ ಸಂಸಾರವನ್ನು ಜೊತೆಗೆ ಕರೆದೊಯ್ಯುವಂತಿಲ್ಲವೆಂದು ನಿಯಮವಾಯಿತು. ಅಲ್ಲಿ ಓದಲು ಹೋಗುವವರಿಗೂ, ಸಂಶೋಧನಾ ವ್ಯಾಸಂಗದಂತಹ ಕೆಲವನ್ನು ಬಿಟ್ಟರೆ, 2024ರ ಜನವರಿಯಿಂದ ಇದೇ ನಿರ್ಬಂಧ. ಅನುಮತಿಯುಳ್ಳವರಿಗೂ ವೆಚ್ಚ ಹಗುರವಲ್ಲ. ಆರೋಗ್ಯ ಸೇವೆಯ ಮುಂಗಡ ಶುಲ್ಕ 2024ರ ಫೆಬ್ರುವರಿ 6ರಿಂದ ದೊಡ್ಡವರಿಗೆ ವರ್ಷಕ್ಕೆ 1,035 ಪೌಂಡು, 18ರೊಳಗಿನವರಿಗೆ 776 ಪೌಂಡು. ಈ ದರದಲ್ಲಿ ಹೆಂಡತಿ ಮತ್ತು ಇಬ್ಬರು ಮಕ್ಕಳಿಗೆ ಮೂರು ವರ್ಷಕ್ಕೆ 7,761 ಪೌಂಡುಗಳನ್ನು ಅರ್ಜಿಯ ಜೊತೆಗೇ ಕಟ್ಟಬೇಕು. ವೀಸಾ ಶುಲ್ಕ ಬೇರೆ. ಕೆನಡಾ ದೇಶವು 2025ರ ಜನವರಿ 21ರಿಂದ ಆಯ್ದ ಉದ್ಯೋಗಗಳಲ್ಲಿರುವವರ ಸಂಗಾತಿಗಷ್ಟೇ ಮುಕ್ತವಾದ ಉದ್ಯೋಗ ಪರವಾನಗಿ ಕೊಡುವಂತೆ ನಿಯಮವನ್ನು ಬಿಗಿ ಮಾಡಿತು. ಮೂರು ವರ್ಷಗಳ ಹಿಂದೆ ಹೋದ ನೆರೆಮನೆಯವರ ಅನುಭವವನ್ನು ನಂಬಿ ಇಂದು ಹೆಜ್ಜೆಯಿಡುವುದು ಆದುದರಿಂದ ಸುರಕ್ಷಿತವಲ್ಲ. ಆಯಾ ದೇಶದ ಸರ್ಕಾರದ ಪ್ರಕಟಣೆಯನ್ನು ಆಯಾ ಹೊತ್ತಿಗೆ ಓದಿ ನೋಡಬೇಕು.

ಬನಹಟ್ಟಿಯಿಂದ ಜಮಖಂಡಿಗೆ ಬಂದರೆ ಸಮಸ್ಯೆಯ ಇನ್ನೊಂದು ಮುಖ ಕಾಣುತ್ತದೆ. ಈ ತಾಲ್ಲೂಕಿನ ರೈತರು 1989ರಲ್ಲಿ ತಾವೇ ವಂತಿಗೆ ಕೂಡಿಸಿ, ತಾವೇ ಮಣ್ಣು ಕಲ್ಲು ಹೊತ್ತು ಚಿಕ್ಕಪಡಸಲಗಿಯ ಬಳಿ ಕೃಷ್ಣೆಗೆ ಬ್ಯಾರೇಜು ಕಟ್ಟಿಕೊಂಡ ಸಾಹಸ ನಾಡಿಗೆಲ್ಲ ತಿಳಿದದ್ದು. ಆ ಕಾಲದಲ್ಲಿ ಬುಟ್ಟಿ ಹೊತ್ತ ತಲೆಮಾರು ಈಗ ಮುಪ್ಪಿನಲ್ಲಿದೆ. ಆ ನೀರಿನಿಂದ ಬೆಳೆದ ಕಬ್ಬಿನ ಹಣದಲ್ಲಿ ಓದಿದ ಮಕ್ಕಳಲ್ಲಿ ಕೆಲವರು ಕಡಲಾಚೆ ಇದ್ದಾರೆ. ಊರಿನ ಕಡೆಯ ಒಬ್ಬ ವೃದ್ಧ ತಾಯಿ ಒಮ್ಮೆ ನನ್ನೊಡನೆ ಹೇಳಿದ ಮಾತು ಮರೆಯಲಾಗದು: “ಶಾಸ್ತ್ರಿಗಳ, ಕಾಗದದಾಗ ನಾವು ಅವನ ಮನ್ಯಾವ್ರು ಅಲ್ಲಂತ್ರಿ.” ಆಕೆ ದೂರಿ ಹೇಳಿದ್ದಲ್ಲ, ಸೋಜಿಗಪಟ್ಟು ಹೇಳಿದ್ದು.

ಆಕೆಯ ಮಾತು ಅಕ್ಷರಶಃ ನಿಜ. ಎಚ್-4ನಲ್ಲಿ ತಂದೆತಾಯಿಗಳಿಗೆ ಎಡೆಯಿಲ್ಲ. ಅವರು ಸಂದರ್ಶಕರ ವೀಸಾದ ಮೇಲೆ ಹೋಗಿ, ಸಾಮಾನ್ಯವಾಗಿ ಒಂದು ಸಲಕ್ಕೆ ಆರು ತಿಂಗಳವರೆಗೆ ಇದ್ದು ಮರಳಬೇಕು. ಮಗನೋ ಮಗಳೋ ಅಮೆರಿಕೆಯ ಪ್ರಜೆಯಾದಮೇಲೆ ಮಾತ್ರ ಅವರನ್ನು ಕಾಯಮ್ಮಾಗಿ ಕರೆಸಿಕೊಳ್ಳಲು ಅರ್ಜಿ ಹಾಕಬಹುದು. ಇಂಗ್ಲೆಂಡಿನಲ್ಲಿ 2012ರ ಜುಲೈ 9ರಿಂದ ನಿಯಮ ಬಹಳ ಬಿಗಿ. ಅಲ್ಲಿ ನೆಲೆಸಿದ ಹಕ್ಕುಳ್ಳವರ ತಂದೆತಾಯಿಗಳಿಗೂ, ದಿನನಿತ್ಯದ ಕೆಲಸಗಳಿಗೆ ಇನ್ನೊಬ್ಬರ ನೆರವು ಬೇಕೇ ಬೇಕು ಮತ್ತು ಆ ನೆರವು ತಮ್ಮ ದೇಶದಲ್ಲಿ ಸಿಗುವಂತಿಲ್ಲ ಎಂದು ಸಿದ್ಧವಾದರಷ್ಟೇ ಎಡೆ. ಲಂಡನ್ನಿನ ಥೇಮ್ಸ್ ನದಿಯ ದಂಡೆಯಲ್ಲಿ 2015ರ ನವೆಂಬರ್‌ನಲ್ಲಿ ಅನಾವರಣಗೊಂಡ ಬಸವೇಶ್ವರರ ಪ್ರತಿಮೆಯ ಮುಂದೆ ಮೊಮ್ಮಕ್ಕಳ ಕೈಹಿಡಿದು ಚಿತ್ರ ತೆಗೆಸಿಕೊಂಡು ಬರುವ ನಮ್ಮ ಹಿರಿಯರು ಅಲ್ಲಿಗೆ ಅತಿಥಿಗಳಾಗಿ ಹೋಗಿ ಬರುವವರೇ ಹೊರತು ಮನೆಯವರಾಗಿ ಅಲ್ಲ. ಕೆನಡಾ ದೇಶ ಮಾತ್ರ ಕಾಯಂ ನಿವಾಸಿಗಳ ಹಾಗೂ ಪ್ರಜೆಗಳ ತಂದೆತಾಯಿಗಳಿಗೆ 2011ರಿಂದ ‘ಸೂಪರ್ ವೀಸಾ’ ಕೊಡುತ್ತಿದೆ. 2022ರ ಜುಲೈಯಿಂದ ಒಂದು ಸಲಕ್ಕೆ ಐದು ವರ್ಷದವರೆಗೆ ಇರಬಹುದು, ವೈದ್ಯಕೀಯ ವಿಮೆ ಕಡ್ಡಾಯ. ಆಸ್ಟ್ರೇಲಿಯವೂ 2019ರಲ್ಲಿ ಇಂತಹದೇ ಒಂದು ತಾತ್ಕಾಲಿಕ ವೀಸಾವನ್ನು ಜಾರಿಗೆ ತಂದಿತು.

ಇಲ್ಲಿಯೇ ವಿಷಯದ ಮರ್ಮವಿದೆ. ಮನೆಯ ಅರ್ಧ ಭಾರ ಹೊರಬಲ್ಲ ಹೆಂಡತಿಯನ್ನು ಪರದೇಶದ ಕಾನೂನು ಅವಲಂಬಿತೆ ಎನ್ನುತ್ತದೆ. ನಿಜವಾಗಿ ಆಸರೆ ಬೇಕಾದ ಮುಪ್ಪಿನ ತಂದೆತಾಯಿಯನ್ನು ಆ ಪಟ್ಟಿಯಿಂದ ಬಿಡುತ್ತದೆ. ನಮ್ಮ ದೇಶದ ಕಾನೂನು ಇದನ್ನು ಬೇರೆ ರೀತಿಯಲ್ಲಿ ನೋಡಿದೆ. 2007ರ ಪಾಲಕರ ಹಾಗೂ ಹಿರಿಯ ನಾಗರಿಕರ ಪೋಷಣೆಯ ಅಧಿನಿಯಮದ ಪ್ರಕಾರ ತಂದೆತಾಯಿಯನ್ನು ನೋಡಿಕೊಳ್ಳುವುದು ಮಕ್ಕಳ ಕರ್ತವ್ಯ. ಆ ಅಧಿನಿಯಮ ಭಾರತದ ಹೊರಗಿರುವ ಭಾರತೀಯ ಪ್ರಜೆಗಳಿಗೂ ಅನ್ವಯಿಸುತ್ತದೆ. ಇಂತಹ ದೂರುಗಳ ವಿಚಾರಣೆ ಉಪವಿಭಾಗಾಧಿಕಾರಿಗಳ ಮುಂದೆ ನಡೆಯುತ್ತದೆ, ಜಮಖಂಡಿಯಲ್ಲಿ ಆ ಕಚೇರಿಯೂ ಇದೆ. ಆದರೆ ತಾಯಿಯೊಬ್ಬಳು ಆ ಮೆಟ್ಟಿಲು ಹತ್ತುವ ಹೊತ್ತು ಬಾರದಂತೆ ನೋಡಿಕೊಳ್ಳುವುದೇ ಮನೆತನದ ಮರ್ಯಾದೆ.

ಮುಧೋಳಕ್ಕೆ ಬಂದಾಗ ನೆನಪಾಗುವುದು ಹೆಸರುಗಳ ಸಂಗತಿ. ರನ್ನನ ಕಾಲದಲ್ಲಿ ಈ ಊರಿಗೆ ಮುದುವೊಳಲು ಎಂಬ ಹೆಸರಿತ್ತು. ಊರಿನ ಹೆಸರು ಸವೆದು ಬದಲಾದರೆ ವಿದ್ವಾಂಸರಿಗೆ ಸಂತೋಷ. ಮನುಷ್ಯರ ಹೆಸರು ಬದಲಾದರೆ ವೀಸಾ ಅರ್ಜಿಗೆ ಸಂಕಟ. ಮದುವೆಯಲ್ಲಿ ಸೊಸೆಗೆ ಹೊಸ ಹೆಸರಿಡುವ ರೂಢಿ ನಮ್ಮ ಭಾಗದ ಅನೇಕ ಮನೆತನಗಳಲ್ಲಿದೆ. ಶಾಲೆಯ ದಾಖಲೆಯಲ್ಲಿ ತವರಿನ ಹೆಸರು, ಪಡಿತರ ಚೀಟಿಯಲ್ಲಿ ಗಂಡನ ಮನೆಯ ಹೆಸರು, ಆಧಾರದಲ್ಲಿ ಅಡ್ಡಹೆಸರಿಲ್ಲ, ಲಗ್ನಪತ್ರಿಕೆಯಲ್ಲಿ ‘ಚಿ. ಸೌ.’ ಸಹಿತ ಮೂರನೆಯ ರೂಪ. ಈ ಮೂವರೂ ಒಬ್ಬಳೇ ಎಂದು ಊರಿಗೆ ಗೊತ್ತು. ಚೆನ್ನೈಯಲ್ಲಿಯೋ ಹೈದರಾಬಾದಿನಲ್ಲಿಯೋ ಸಂದರ್ಶನ ಮಾಡುವ ಅಧಿಕಾರಿಗೆ ಗೊತ್ತಿಲ್ಲ. ಹೊಸ ಹೆಸರಿನಿಂದ ಕರೆಯುವುದು ಮನೆಯ ಪ್ರೀತಿಗೆ ಬಿಟ್ಟದ್ದು. ಕಾಗದದಲ್ಲಿ ಮಾತ್ರ ಶಾಲೆಯ ದಾಖಲೆಯ ಹೆಸರೊಂದೇ ಇರುವುದು ಲೇಸು.

ಮದುವೆಯ ನೋಂದಣಿಯ ಬಗ್ಗೆಯೂ ಒಂದು ಮಾತು. ನಮ್ಮಲ್ಲಿ ಗುರುಗಳ ಸನ್ನಿಧಿಯಲ್ಲಿ, ಹೋಮವಿಲ್ಲದೆ, ನಮ್ಮದೇ ಸಂಪ್ರದಾಯದಂತೆ ಮದುವೆ ನಡೆಯುತ್ತದೆ. ಇದಕ್ಕೆ ಕಾನೂನಿನ ಮಾನ್ಯತೆ ಇದೆಯೇ ಎಂದು ಕೆಲವರು ಕೇಳುವುದುಂಟು. 1955ರ ಹಿಂದೂ ವಿವಾಹ ಅಧಿನಿಯಮದ 2ನೆಯ ಕಲಮಿನಲ್ಲಿಯೇ ವೀರಶೈವ ಮತ್ತು ಲಿಂಗಾಯತ ಎಂಬ ಹೆಸರುಗಳಿವೆ. ವಧೂವರರಲ್ಲಿ ಯಾರೊಬ್ಬರ ರೂಢಿಯ ವಿಧಿಯಂತೆ ನಡೆದ ಮದುವೆಯೂ ಸಿಂಧುವೆಂದು 7ನೆಯ ಕಲಮು ಹೇಳುತ್ತದೆ. ಆದರೆ ಮಠದ ಆಶೀರ್ವಾದ ಪತ್ರವಾಗಲಿ, ಸಾಮೂಹಿಕ ವಿವಾಹದ ಪ್ರಶಸ್ತಿ ಪತ್ರವಾಗಲಿ, ಛಾಯಾಚಿತ್ರಗಳ ಸಂಪುಟವಾಗಲಿ ನೋಂದಣಿ ಪತ್ರದ ಸ್ಥಾನವನ್ನು ತುಂಬಲಾರವು. ಎಲ್ಲ ಮದುವೆಗಳೂ ನೋಂದಣಿಯಾಗಬೇಕೆಂದು ಸರ್ವೋಚ್ಚ ನ್ಯಾಯಾಲಯ 2006ರಲ್ಲಿಯೇ ಆದೇಶಿಸಿದೆ. ವರನ ರಜೆ ಮುಗಿಯುವ ಮೊದಲೇ ಇಬ್ಬರೂ ಉಪನೋಂದಣಾಧಿಕಾರಿಗಳ ಕಚೇರಿಗೆ ಹೋಗಿ ಈ ಕೆಲಸ ಮುಗಿಸಬೇಕು. ಕೆಲವು ದೇಶಗಳಿಗೆ ಈ ಪತ್ರದ ಮೇಲೆ ‘ಅಪೊಸ್ಟಿಲ್’ ಎಂಬ ಮುದ್ರೆ ಬೇಕು. ಆ ಒಪ್ಪಂದಕ್ಕೆ ಭಾರತ 2005ರಲ್ಲಿ ಸೇರಿತು. ಒಪ್ಪಂದಕ್ಕೆ ಸೇರದ ದೇಶಗಳಿಗೆ ಅವುಗಳ ರಾಯಭಾರ ಕಚೇರಿಯ ದೃಢೀಕರಣ ಬೇಕಾಗುತ್ತದೆ. ಸೋದರಮಾವನಿಗೆ ಅಕ್ಕನ ಮಗಳನ್ನು ಕೊಡುವ ರೂಢಿಗೆ ನಮ್ಮ ಕಾನೂನಿನಲ್ಲಿ ಸಂಪ್ರದಾಯದ ಆಧಾರದ ಮೇಲೆ ಅವಕಾಶವಿದ್ದರೂ ಹಲವು ಪರದೇಶಗಳಲ್ಲಿ ಆ ಸಂಬಂಧದ ಮದುವೆ ನಿಷಿದ್ಧ. ಅಂತಹ ಸಂಬಂಧ ನಡೆದಿದ್ದರೆ ಅರ್ಜಿಗೆ ಮೊದಲೇ ಬಲ್ಲ ವಕೀಲರ ಸಲಹೆ ಪಡೆಯುವುದು ಅಗತ್ಯ.

ಕೊನೆಯದಾಗಿ ಬೀಳಗಿ. ಆಲಮಟ್ಟಿ ಅಣೆಕಟ್ಟಿನಲ್ಲಿ 519.60 ಮೀಟರುವರೆಗೆ ನೀರು ನಿಲ್ಲಿಸಿದಾಗ ಈ ತಾಲ್ಲೂಕಿನ ಹಲವು ಹಳ್ಳಿಗಳು ಹಿನ್ನೀರಿನಡಿ ಹೋದವು. ಜನ ಪುನರ್ವಸತಿ ಕೇಂದ್ರಗಳಿಗೆ ನಡೆದರು. ಮಟ್ಟವನ್ನು 524.256 ಮೀಟರಿಗೆ ಏರಿಸಲು ಕೃಷ್ಣಾ ನ್ಯಾಯಮಂಡಳಿ 2010ರಲ್ಲಿ ಅನುಮತಿ ಕೊಟ್ಟಿರುವುದರಿಂದ ಇನ್ನೂ ಕೆಲವು ಊರುಗಳಿಗೆ ಈ ಪಾಡು ಕಾದಿದೆ. ವೀಸಾ ಅರ್ಜಿಯಲ್ಲಿ ‘ಹುಟ್ಟಿದ ಸ್ಥಳ’ ಎಂಬ ಅಂಕಣ ಬಂದಾಗ ನೀರಿನಡಿಯ ಊರಿನವನು ಏನು ಬರೆಯಬೇಕು?

ಮುಳುಗದ ಊರಿನವರ ಪಾಡೂ ಅಷ್ಟು ಸರಳವಲ್ಲ. 1945ರಲ್ಲಿ ಮುಧೋಳದಲ್ಲಿ ಹುಟ್ಟಿ ಊರು ಬಿಟ್ಟು ಕದಲದ ಒಬ್ಬ ಹಿರಿಯರನ್ನು ನೆನೆಯೋಣ. ಅವರು ಹುಟ್ಟಿದ್ದು ಮುಧೋಳ ಸಂಸ್ಥಾನದಲ್ಲಿ, ಮೂರನೆಯ ವಯಸ್ಸಿಗೆ ಮುಂಬಯಿ ಪ್ರಾಂತದಲ್ಲಿ, ಹನ್ನೊಂದಕ್ಕೆ ಮೈಸೂರು ರಾಜ್ಯದಲ್ಲಿ, ಇಪ್ಪತ್ತೆಂಟಕ್ಕೆ ಕರ್ನಾಟಕದಲ್ಲಿ, ಐವತ್ತೆರಡಕ್ಕೆ, 1997ರಲ್ಲಿ, ವಿಜಾಪುರ ಜಿಲ್ಲೆ ಒಡೆದು ಬಾಗಲಕೋಟೆ ಜಿಲ್ಲೆಯಾದಾಗ ಮತ್ತೊಂದು ಜಿಲ್ಲೆಯಲ್ಲಿ. 2014ರಲ್ಲಿ ವಿಜಾಪುರವೇ ವಿಜಯಪುರವಾಯಿತು. ಇಂಗ್ಲಿಷಿನಲ್ಲಿ ಬರೆಯುವಾಗ ಜಮಖಂಡಿ, ಬೀಳಗಿಗಳ ನಡುವೆ ‘ಎ’ ಅಕ್ಷರ ಒಂದು ಕಾಗದದಲ್ಲಿರುತ್ತದೆ, ಇನ್ನೊಂದರಲ್ಲಿರುವುದಿಲ್ಲ. ಹುಟ್ಟಿದ ದಿನವಂತೂ ಗುರುಗಳು ಶಾಲೆಗೆ ಸೇರಿಸಿಕೊಂಡಾಗ ಬರೆದ ಜೂನ್ 1. ಇದಕ್ಕೆ ಪರಿಹಾರ ಒಂದೇ: ಜನನ ಪ್ರಮಾಣ ಪತ್ರವನ್ನು ಮೊದಲು ಪಡೆದು, ಅಲ್ಲಿರುವ ಊರು, ತಾರೀಖು, ಕಾಗುಣಿತಗಳನ್ನೇ ಪಾಸ್‌ಪೋರ್ಟಿನಿಂದ ಮೊದಲುಗೊಂಡು ಎಲ್ಲ ಕಾಗದಗಳಲ್ಲಿ ಒಂದೇ ರೀತಿ ಉಳಿಸಿಕೊಳ್ಳುವುದು. ತಪ್ಪಿದ್ದರೆ ಅರ್ಜಿ ಹಾಕುವ ಮೊದಲೇ ತಿದ್ದಿಸುವುದು. ಊರು ಮುಳುಗಿದ್ದರೂ ದಾಖಲೆಯಲ್ಲಿರುವ ಹಳೆಯ ಹೆಸರನ್ನು ಬಿಡದಿರುವುದು.

ಪರದೇಶದ ಸಂಬಂಧ ಬಂದಾಗ ಹೆಣ್ಣಿನ ಮನೆಯವರು ಜಾತಕ, ಮನೆತನ, ಸಂಬಳಗಳನ್ನು ವಿಚಾರಿಸುತ್ತಾರೆ. ಇವುಗಳ ಜೊತೆಗೆ ಇನ್ನೂ ಕೆಲವು ಪ್ರಶ್ನೆಗಳನ್ನು ಸಂಕೋಚವಿಲ್ಲದೆ ಕೇಳಬೇಕು. ವರನ ವೀಸಾ ಯಾವುದು, ಅದರ ಅವಧಿ ಎಷ್ಟು? ಮಗಳು ಅಲ್ಲಿ ದುಡಿಯಬಹುದೇ, ಎಂದಿನಿಂದ? ಮಗಳ ಪಾಸ್‌ಪೋರ್ಟು, ಪದವಿ ಪತ್ರಗಳು, ವಿವಾಹ ನೋಂದಣಿ ಪತ್ರದ ಪ್ರತಿ ಆಕೆಯ ಕೈಯಲ್ಲಿಯೇ ಇರಬೇಕು. ಒಂದೊಂದು ಪ್ರತಿ ತವರಿನಲ್ಲಿರಬೇಕು. ಆಕೆಯ ಇರುವಿಕೆ ಗಂಡನ ವೀಸಾಕ್ಕೆ ಕಟ್ಟಿಬಿದ್ದಿರುವುದರಿಂದ ಮನಸ್ಸು ಮುರಿದರೆ ಕಷ್ಟ ಇಮ್ಮಡಿ. ಇಂತಹ ದೂರುಗಳಿಗಾಗಿ ರಾಷ್ಟ್ರೀಯ ಮಹಿಳಾ ಆಯೋಗದಲ್ಲಿ 2009ರಿಂದ ಪ್ರತ್ಯೇಕ ವಿಭಾಗವಿದೆ ಎಂಬುದು ಪ್ರತಿ ಮನೆಗೂ ತಿಳಿದಿರಲಿ.

ಗಂಡಿನ ಮನೆಯವರು ತಮ್ಮನ್ನು ತಾವೇ ಕೇಳಿಕೊಳ್ಳಬೇಕಾದ ಪ್ರಶ್ನೆಯೂ ಒಂದಿದೆ. ಮಗ ಹೊರಡುವ ಮೊದಲು, ವಿಮಾನದ ಚೀಟಿ ಕೊಳ್ಳುವ ಮೊದಲು, ಎಲ್ಲರೂ ಒಂದು ಸಂಜೆ ಕುಳಿತು ಮಾತಾಡಬೇಕು: ಅವ್ವ-ಅಪ್ಪಂದಿರಿಗೆ ನಡೆಯಲಾಗದ ದಿನ ಬಂದಾಗ ಹತ್ತಿರ ಯಾರಿರುತ್ತಾರೆ? ಊರಿನಲ್ಲುಳಿದ ತಮ್ಮನೇ ನೋಡಿಕೊಳ್ಳುವುದಾದರೆ ಹೊಲದಲ್ಲಿ, ಖರ್ಚಿನಲ್ಲಿ ಅವನ ಪಾಲೆಷ್ಟು? ಮಗ ಎಷ್ಟು ವರ್ಷಕ್ಕೆ ಮರಳುತ್ತಾನೆ, ಅಥವಾ ಮರಳುವುದೇ ಇಲ್ಲವೇ? ಈ ಉತ್ತರಗಳಿಗೆ ಯಾವ ರಾಯಭಾರ ಕಚೇರಿಯ ಮುದ್ರೆಯೂ ಬೇಕಾಗಿಲ್ಲ. ಹೇಳದೆ ಬಿಟ್ಟ ಮಾತು ಮುಂದೆ ದೂರವಾಣಿಯಲ್ಲಿ ಹೇಳಲಾಗದ ಮಾತಾಗುತ್ತದೆ. ಆದುದರಿಂದ ವೀಸಾದ ಅರ್ಜಿ ತುಂಬುವ ಮೇಜಿನ ಬಳಿಯೇ ತಂದೆತಾಯಿಗಳನ್ನೂ ಕೂರಿಸಿಕೊಳ್ಳಿರಿ. ಅರ್ಜಿಯಲ್ಲಿ ಅವರ ಹೆಸರಿಗೆ ಅಂಕಣವಿಲ್ಲದಿದ್ದರೂ, ಅಲ್ಲಿ ಬರೆಯುವ ಪ್ರತಿಯೊಂದು ಉತ್ತರ ಅವರ ಮುಪ್ಪಿಗೂ ಸಂಬಂಧಿಸಿದ್ದು.